ಮಾಲೀಕರನ್ನು ತೋರಿಸದ ದಲ್ಲಾಳಿ

ಪ್ರಶ್ನೆ: ಬೆಳಗಾವಿಯ ಶಹಾಪುರದಲ್ಲಿ ಹಳೆಯದೊಂದು ಮನೆಯನ್ನು ಕೊಳ್ಳಬೇಕೆಂದಿದ್ದೇವೆ. ಮಾಲೀಕರು 62 ಲಕ್ಷ ರೂಪಾಯಿ ಕೇಳುತ್ತಿದ್ದಾರೆ ಎಂದು ದಲ್ಲಾಳಿ ಹೇಳಿದರು. ಭೇಟಿ ಮಾಡಿಸಿ ಎಂದರೆ, ಇಸಾರ (ಮುಂಗಡ) ಕೊಟ್ಟ ಮೇಲೆ ನೋಡೋಣ ಎನ್ನುತ್ತಾರೆ. ಅದೇ ಓಣಿಯ ಪರಿಚಯದವರ ಪ್ರಕಾರ ಮಾಲೀಕರು ಹೇಳಿರುವುದು 57 ಲಕ್ಷ. ದಲ್ಲಾಳಿ ನಮ್ಮಿಂದ ಶೇಕಡಾ 2ರಷ್ಟು ದಲಾಲಿಯನ್ನೂ ನಗದಾಗಿ 5 ಲಕ್ಷ ಇಸಾರವನ್ನೂ ಕೇಳಿದ್ದಾರೆ. ತಮಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾನೂನು) ನೋಂದಣಿ ಇದೆ ಎನ್ನುತ್ತಾರೆ. ಇವರನ್ನು ನಂಬಬಹುದೆ? ಇವರನ್ನು ಬಿಟ್ಟು ಮಾಲೀಕರೊಂದಿಗೆ ನೇರವಾಗಿ ಮಾತನಾಡಿದರೆ ತಪ್ಪಾಗುತ್ತದೆಯೆ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಓಣಿಯ ಮಾತು ಕೂಡ ಬರೀ ಕೇಳಿದ ಮಾತೇ, ಆದ್ದರಿಂದ 57 ಲಕ್ಷವನ್ನು ಸದ್ಯಕ್ಕೆ ಸತ್ಯವೆಂದು ಹಿಡಿಯಬೇಡಿ. ಆದರೆ ಅದು ನಿಜವೇ ಆಗಿದ್ದರೆ, ನಡುವಿನ 5 ಲಕ್ಷ ಯಾರದು ಎಂಬುದೇ ಮುಖ್ಯ ಪ್ರಶ್ನೆ. ‘ನನ್ನ ಕೈಗೆ ಇಷ್ಟು ಕೊಡು, ಮೇಲಿನದು ನಿನ್ನದು’ ಎಂದು ಮಾಲೀಕರೇ ದಲ್ಲಾಳಿಗೆ ಹೇಳುವ ರೂಢಿ ನಮ್ಮ ಕಡೆ ಇದೆ. ಅದು ಅವರಿಬ್ಬರ ಒಪ್ಪಂದ. ಆದರೆ ನಿಮ್ಮಿಂದಲೂ ದಲಾಲಿ ಕೇಳಿದ ಕ್ಷಣದಿಂದ ಆತ ನಿಮ್ಮ ಪರವಾಗಿಯೂ ಕೆಲಸ ಮಾಡುವವನಾಗುತ್ತಾನೆ. ಬೆಲೆಯನ್ನು ಮುಚ್ಚಿಟ್ಟು ಮೇಲಿನ ಹಣವನ್ನು ಜೇಬಿಗೆ ಹಾಕಿಕೊಳ್ಳುವುದು ಆಗ ವ್ಯಾಪಾರದ ಜಾಣತನವಲ್ಲ, ವಂಚನೆ. ಏಜೆಂಟನು ತನ್ನ ಯಜಮಾನನಿಗೆ, ಅಂದರೆ ತನ್ನನ್ನು ಕೆಲಸಕ್ಕೆ ಹಚ್ಚಿದವನಿಗೆ, ತಿಳಿಯದಂತೆ ಅದೇ ವ್ಯವಹಾರವನ್ನು ತನಗಾಗಿ ನಡೆಸಿಕೊಂಡರೆ, ಅದರಿಂದ ಬಂದ ಲಾಭವನ್ನು ಯಜಮಾನನು ಕೇಳಬಹುದು ಎಂದು 1872ರ ಭಾರತೀಯ ಕರಾರು ಅಧಿನಿಯಮದ 216ನೆಯ ಕಲಮು ಹೇಳುತ್ತದೆ. ಆತ ಮನೆಯನ್ನು ತನ್ನ ಹೆಸರಿನಲ್ಲಿ ಕರಾರು ಮಾಡಿಕೊಂಡು ನಿಮಗೆ ಮಾರುತ್ತಿದ್ದರೆ ಲಾಭ ಮಾಡಿಕೊಳ್ಳಲಿ. ಆದರೆ ಆಗ ಆತ ಮಾರಾಟಗಾರ, ದಲಾಲಿಗೆ ಅರ್ಹನಲ್ಲ.

ರೇರಾ ನೋಂದಣಿಯ ಮಾತು ಇಲ್ಲಿ ಅಷ್ಟು ಉಪಯೋಗಕ್ಕೆ ಬಾರದು. 2016ರ ಆ ಕಾನೂನು ಏಜೆಂಟರಿಗೆ ನೋಂದಣಿಯನ್ನು ಕಡ್ಡಾಯ ಮಾಡಿರುವುದು ಬಡಾವಣೆ, ಅಪಾರ್ಟ್‌ಮೆಂಟ್‌ಗಳಂಥ ನೋಂದಾಯಿತ ಯೋಜನೆಗಳ ಮಾರಾಟಕ್ಕೆ. ನಿಮ್ಮ ಹಳೆಯ ಮನೆಯ ಹಕ್ಕು ಸರಿಯಾಗಿದೆಯೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಆ ಸಾಕ್ಷಿ ನಗರ ಮಾಪನ ಕಚೇರಿಯ ಪ್ರಾಪರ್ಟಿ ಕಾರ್ಡ್, ಪಾಲಿಕೆಯ ಇ-ಖಾತೆ ಮತ್ತು ಹಳೆಯ ಖರೀದಿ ಪತ್ರಗಳಲ್ಲಿದೆ. ದಲ್ಲಾಳಿ ಕೊಟ್ಟ ಝೆರಾಕ್ಸ್ ನೋಡಿ ತೃಪ್ತರಾಗದೆ, ನೀವೇ ಹೋಗಿ ಪ್ರತಿ ಪಡೆಯಿರಿ. ಋಣಭಾರ ಪತ್ರ ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ಪಿತ್ರಾರ್ಜಿತ ಮನೆಯಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪಾಲು ಅದರಲ್ಲಿ ಕಾಣುವುದಿಲ್ಲ. ‘ಅಕ್ಕನವರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ’ ಎಂದು ಯಾರಾದರೂ ಹೇಳಿದರೆ, ಆ ಅಕ್ಕನವರ ಸಹಿ ಖರೀದಿ ಪತ್ರದಲ್ಲಿ ಇರಲಿ, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಲಿ ಎನ್ನಿ. ಹಳೆಯ ಶಹಾಪುರದ ಮನೆಗಳಿಗೆ ಈ ಎಚ್ಚರ ಹೆಚ್ಚೇ ಬೇಕು.

ನಗದು ಇಸಾರ ಬೇಡವೇ ಬೇಡ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ದಂಡ ಬೀಳುವುದು ಪಡೆದವರಿಗಾದರೂ, ಕೊಟ್ಟದ್ದಕ್ಕೆ ಪುರಾವೆ ಇಲ್ಲದೆ ಪರದಾಡುವವರು ನೀವು. ಹಣ ಮಾಲೀಕರ ಬ್ಯಾಂಕ್ ಖಾತೆಗೇ, ಅವರು ಸಹಿ ಮಾಡಿದ ಕರಾರಿನ ಆಧಾರದ ಮೇಲೆಯೇ ಹೋಗಲಿ.

ನೇರವಾಗಿ ಮಾತನಾಡುವುದು ತಪ್ಪಲ್ಲ, ಮನೆ ತೋರಿಸಿದವನನ್ನು ಗುಟ್ಟಾಗಿ ಕೈಬಿಡುವುದು ತಪ್ಪು. ನಾಲ್ಕು ಮನೆ ತೋರಿಸಿ ಅಲೆದಾಡಿದವನ ದಲಾಲಿಯನ್ನು ಉಳಿಸಲು ಹಿಂಬಾಗಿಲಿನಿಂದ ಹೋಗುವವರೂ ನಮ್ಮಲ್ಲಿ ಕಡಿಮೆಯಿಲ್ಲ, ಅವರ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ. ದಲಾಲಿ ಎಷ್ಟು, ಯಾರ್ಯಾರಿಂದ, ಯಾವಾಗ ಎಂಬುದನ್ನು ಆತನಿಂದಲೇ ಒಂದು ಹಾಳೆಯ ಮೇಲೆ ಬರೆಸಿ ಸಹಿ ಮಾಡಿಸಿಕೊಳ್ಳಿ. ಬಳಿಕ ಆತನನ್ನೂ ಜೊತೆಗೆ ಕರೆದುಕೊಂಡು ಮಾಲೀಕರ ಮನೆಗೆ ಹೋಗಿ, ಅವರ ಬಾಯಿಂದಲೇ ಬೆಲೆ ಕೇಳಿ. ಇದಕ್ಕೆ ಆತ ಒಪ್ಪದಿದ್ದರೆ ಇಸಾರದ ಮಾತನ್ನು ಅಲ್ಲಿಗೇ ನಿಲ್ಲಿಸಿ.