ಎರಡೂವರೆ ತಿಂಗಳಿಗೆ ಮತ್ತೆ ಮಲೇರಿಯಾ ಬಂದರೆ ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತಲಾ?

ನಿಮ್ಮ ತಮ್ಮ ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾಗ ವೈವಾಕ್ಸ್ ಎಂಬ ಜಾತಿಯ ಮಲೇರಿಯಾ ಬಂತು, ಕ್ಲೋರೋಕ್ವಿನ್‌ಗೆ ಜ್ವರ ಬಿಟ್ಟಿತು, ಎರಡೂವರೆ ತಿಂಗಳಾದ ಮೇಲೆ ಊರಿನಲ್ಲಿ ಮತ್ತೆ ಚಳಿಜ್ವರ ಶುರುವಾಗಿದೆ ಎಂದು ಬರೆದಿದ್ದೀರಿ. ಇದು ಮಾತ್ರೆಗೆ ಬಗ್ಗದ ಮಲೇರಿಯಾನಾ, ಮೆಡಿಕಲ್‌ನಿಂದ ಇನ್ನೂ ಸ್ಟ್ರಾಂಗ್ ಮಾತ್ರೆ ತಂದುಕೊಡಲಾ ಎಂದು ಕೇಳಿದ್ದೀರಿ. ದಯವಿಟ್ಟು ತರಬೇಡಿ. ಮೊದಲು ಅವನನ್ನು ಒಂದು ಮಾತು ಕೇಳಿ: 14 ದಿನದ ಪ್ರೈಮಾಕ್ವಿನ್ ಪೂರ್ತಿ ತಗೊಂಡಿದ್ದನಾ?

ನಾನು ಕರಾವಳಿಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಎರಡನೇ ಸಲ ಪಾಸಿಟಿವ್ ಬಂದವರನ್ನೆಲ್ಲ ಇದನ್ನೇ ಕೇಳುತ್ತೇನೆ. ‘ಮೂರೇ ದಿನಕ್ಕೆ ಜ್ವರ ಬಿಡ್ತಲ್ಲ, ಮತ್ತೆ ಸುಮ್ನೆ ಯಾಕೆ ಅಂತ ಬಿಟ್ಟೆ’ ಎನ್ನುವವರೇ ಜಾಸ್ತಿ. ಅರ್ಧ ಉಳಿದ ಪಟ್ಟಿಯನ್ನು ಜೇಬಿನಿಂದ ತೆಗೆದು ತೋರಿಸಿದವರೂ ಇದ್ದಾರೆ.

ಕ್ಲೋರೋಕ್ವಿನ್ ಮೂರು ದಿನದ ಮಾತ್ರೆ. ರಕ್ತದಲ್ಲಿರುವ ರೋಗಾಣುವನ್ನು ಅದು ಕೊಲ್ಲುತ್ತದೆ, ಜ್ವರ ಇಳಿಯುತ್ತದೆ. ಆದರೆ ವೈವಾಕ್ಸ್‌ನ ಒಂದಷ್ಟು ರೋಗಾಣುಗಳು ಲಿವರ್‌ನಲ್ಲಿ ಅಲುಗಾಡದೆ ಮಲಗಿರುತ್ತವೆ. ಕ್ಲೋರೋಕ್ವಿನ್ ಅವನ್ನು ಮುಟ್ಟುವುದೇ ಇಲ್ಲ. ಅವನ್ನು ಕೊಲ್ಲುವುದಕ್ಕೇ ಪ್ರೈಮಾಕ್ವಿನ್ ಕೊಡುವುದು. ಅದನ್ನು ಅರ್ಧಕ್ಕೆ ಬಿಟ್ಟರೆ ಕೆಲವು ವಾರಕ್ಕೋ ತಿಂಗಳಿಗೋ ಅವು ಎದ್ದು ರಕ್ತಕ್ಕೆ ಬರುತ್ತವೆ. ಹೊಸದಾಗಿ ಸೊಳ್ಳೆ ಕಚ್ಚಬೇಕೆಂದೇ ಇಲ್ಲ. ಕ್ಲೋರೋಕ್ವಿನ್ ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ, ಹಾಗಾಗಿ ಮೊದಮೊದಲು ಎದ್ದವು ಅದಕ್ಕೇ ಸಾಯುತ್ತವೆ. ಎಲ್ಲ ಸರಿಹೋಯಿತು ಎಂದುಕೊಂಡು ಹೊತ್ತಾದ ಮೇಲೆ ಜ್ವರ ಬರುವುದು ಇದಕ್ಕೇ. ಕ್ಲೋರೋಕ್ವಿನ್ ಸರಿಯಾಗಿ ತಗೊಂಡೂ 28 ದಿನದೊಳಗೆ ಮರಳಿ ಬಂದಿದ್ದರೆ ರೆಸಿಸ್ಟೆನ್ಸ್, ಅಂದರೆ ರೋಗಾಣು ಮಾತ್ರೆಗೆ ಬಗ್ಗದಿರುವುದರ ಬಗ್ಗೆ ಯೋಚಿಸಬೇಕಿತ್ತು. ಪಪುವಾ ನ್ಯೂಗಿನಿ, ಇಂಡೋನೇಷ್ಯಾ ಕಡೆ ಅಂಥ ವೈವಾಕ್ಸ್ ಇದೆ. ನಮ್ಮಲ್ಲಿ ಈಗಲೂ ವೈವಾಕ್ಸ್‌ಗೆ ಕ್ಲೋರೋಕ್ವಿನ್ನೇ ಕೊಡುವುದು.

ರೆಸಿಸ್ಟೆನ್ಸ್ ನಿಜವಾಗಿ ಕಾಡಿದ್ದು ಇನ್ನೊಂದು ಜಾತಿಯಲ್ಲಿ, ಫಾಲ್ಸಿಪಾರಮ್‌ನಲ್ಲಿ. ಸ್ಲೈಡಿನಲ್ಲಿ ಎರಡೂ ಬೇರೆ ಬೇರೆ ಕಾಣುತ್ತವೆ. ವೈವಾಕ್ಸ್ ಹೊಕ್ಕ ಕೆಂಪು ಕಣ ಪಕ್ಕದ ಕಣಗಳಿಗಿಂತ ಊದಿರುತ್ತದೆ, ಒಳಗೆಲ್ಲ ಸಣ್ಣ ಗುಲಾಬಿ ಚುಕ್ಕೆಗಳು. ಫಾಲ್ಸಿಪಾರಮ್‌ನಲ್ಲಿ ಕಣ ಊದುವುದಿಲ್ಲ, ತೆಳು ಉಂಗುರಗಳಿರುತ್ತವೆ, ಕೆಲವೊಮ್ಮೆ ಒಂದೇ ಕಣದಲ್ಲಿ ಎರಡು. ಬಾಳೆಹಣ್ಣಿನಂತೆ ಬಾಗಿದ್ದು ಒಂದು ಕಂಡರೆ ಅನುಮಾನವೇ ಬೇಡ. ಮಿದುಳಿಗೆ ಏರಿ ಜೀವ ತೆಗೆಯುವುದು ಹೆಚ್ಚಾಗಿ ಇದೇ.

ಮಲೇರಿಯಾ ರೋಗಾಣು ನಮ್ಮ ಹಿಮೋಗ್ಲೋಬಿನ್ ತಿಂದು ಬದುಕುತ್ತದೆ. ತಿಂದುಳಿದ ಹೀಮ್ ಎಂಬ ಕಬ್ಬಿಣದ ಭಾಗ ಅದಕ್ಕೇ ವಿಷ, ಹಾಗಾಗಿ ಅದನ್ನು ಹರಳು ಮಾಡಿ ಇಟ್ಟುಕೊಳ್ಳುತ್ತದೆ. ಕ್ಲೋರೋಕ್ವಿನ್ ಆ ಹರಳು ಕಟ್ಟಲು ಬಿಡುವುದಿಲ್ಲ. ಬದಲಾದ ಫಾಲ್ಸಿಪಾರಮ್ ಮಾತ್ರೆಯನ್ನೇ ಆ ಜಾಗದಿಂದ ಹೊರಗೆ ತಳ್ಳುವುದನ್ನು ಕಲಿತಿತು. 1950ರ ದಶಕದ ಕೊನೆಗೆ ಥಾಯ್ಲೆಂಡ್-ಕಾಂಬೋಡಿಯಾ ಗಡಿಯಲ್ಲಿ ಇದು ಕಾಣಿಸಿತು, 1973ರಲ್ಲಿ ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ. ಅದಕ್ಕೇ ಈಗ ಫಾಲ್ಸಿಪಾರಮ್‌ಗೆ ಆರ್ಟೆಮಿಸಿನಿನ್ ಗುಂಪಿನ ಔಷಧಿಯನ್ನು ಇನ್ನೊಂದರ ಜೊತೆ ಸೇರಿಸಿ ಕೊಡುತ್ತಾರೆ. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಾಯಲಿ ಎಂದು. ಆ ಜೊತೆಯ ಔಷಧಿಯೂ ಸೋಲುತ್ತದೆ: ಈಶಾನ್ಯ ರಾಜ್ಯಗಳಲ್ಲಿ ಹಾಗಾಗಿಯೇ 2013ರಲ್ಲಿ ಅದನ್ನು ಬದಲಿಸಬೇಕಾಯಿತು. ಕಾಂಬೋಡಿಯಾದಲ್ಲಿ, ಆಮೇಲೆ ರುವಾಂಡಾ, ಉಗಾಂಡಾಗಳಲ್ಲಿ ಆರ್ಟೆಮಿಸಿನಿನ್ ಕೊಟ್ಟರೂ ರೋಗಾಣು ಮೊದಲಿನಷ್ಟು ಬೇಗ ಸಾಯುತ್ತಿಲ್ಲ. ನೀವು ಹೇಳುವ ‘ಸ್ಟ್ರಾಂಗ್ ಮಾತ್ರೆ’ ಇದೇ. ಅಂದಾಜಿನ ಮೇಲೆ ಎರಡು ಮಾತ್ರೆ ನುಂಗಿ ಬಿಟ್ಟರೆ ತಮ್ಮನಿಗೂ ಕಷ್ಟ, ಅವನ ನಂತರ ಬರುವ ರೋಗಿಗಳಿಗೂ ಕಷ್ಟ. ಮೇಲಾಗಿ, ಲಿವರ್‌ನಲ್ಲಿ ಮಲಗಿರುವ ವೈವಾಕ್ಸ್‌ಗೆ ಅದೂ ಏನೂ ಮಾಡುವುದಿಲ್ಲ!

ಈಗ ಮಾಡಬೇಕಾದದ್ದು ಇಷ್ಟು. ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ, ಇದು ಡೆಂಗ್ಯೂ ಕೂಡ ಆಗಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಮಲೇರಿಯಾ ಪರೀಕ್ಷೆ, ಮಾತ್ರೆ ಎರಡೂ ಉಚಿತ. ರಿಪೋರ್ಟಿನಲ್ಲಿ ಯಾವ ಜಾತಿ ಎಂದು ಬರೆದಿದೆಯಾ ನೋಡಿ. ಹಳೇ ಚೀಟಿ, ಉಳಿದ ಮಾತ್ರೆ ಇದ್ದರೆ ತಗೊಂಡು ಹೋಗಿ. ಪ್ರೈಮಾಕ್ವಿನ್ ಶುರು ಮಾಡುವ ಮೊದಲು ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಮಾಡುತ್ತೀರಾ ಎಂದು ಕೇಳಿ. ಆ ಕಿಣ್ವ ಕಡಿಮೆ ಇರುವವರಲ್ಲಿ ಈ ಮಾತ್ರೆ ಕೆಂಪು ಕಣಗಳನ್ನೇ ಒಡೆಯುತ್ತದೆ, ಗಂಡಸರಲ್ಲಿ ಈ ಕೊರತೆ ಜಾಸ್ತಿ. ಗರ್ಭಿಣಿಯರಿಗೂ ಇದನ್ನು ಕೊಡುವುದಿಲ್ಲ. ಮಾತ್ರೆ ಖಾಲಿ ಹೊಟ್ಟೆಯಲ್ಲಿ ಬೇಡ, ಊಟದ ಜೊತೆ ಕೊಡಿ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಓಡಿ.

ಅವನು 14 ದಿನವೂ ತಪ್ಪದೆ ತಗೊಂಡಿದ್ದ ಎಂದಾದರೆ ಅದನ್ನು ಡಾಕ್ಟರಿಗೆ ಒತ್ತಿ ಹೇಳಿ. ತೂಕಕ್ಕೆ ತಕ್ಕಷ್ಟು ಡೋಸ್ ಸಿಕ್ಕಿರಲಿಕ್ಕಿಲ್ಲ. ಕೆಲವರ ಲಿವರ್ ಆ ಮಾತ್ರೆಯನ್ನು ಕೆಲಸ ಮಾಡುವ ರೂಪಕ್ಕೆ ತರುವುದೂ ಇಲ್ಲ, ಅಂಥವರಿಗೆ ಚಿಕಿತ್ಸೆಯನ್ನು ಬೇರೆಯಾಗಿ ಯೋಚಿಸಬೇಕಾಗುತ್ತದೆ.