ಕಂಬದ ಸುತ್ತುಗೆರೆಗೆ ರೇಂಜ್‌ಫೈಂಡರ್ ಏಕೆ ಸೋಲುತ್ತದೆ?

ಗದಗದ ಓದುಗರು: ಹೋದ ತಿಂಗಳ ಸೆಕೆಂಡ್ ಹ್ಯಾಂಡ್ ಲೈಕಾ ಎಂ9 ತಗೊಂಡೇನ್ರಿ, 50 ಎಂಎಂ ಎಫ್ 1.4 ಲೆನ್ಸ್ ಐತಿ. ಲಕ್ಕುಂಡಿಯೊಳಗ ಎರಡು ಮೀಟರ್ ದೂರ ನಿಂತು ಕಂಬದ ಫೋಟೋ ತಗದ್ರ ಎದುರಿನ ಕೆತ್ತನಿ ಮಬ್ಬ, ಅಂಚು ಮಾತ್ರ ಶಾರ್ಪ್. ಎಫ್ 8 ಇಟ್ರ ಎಲ್ಲಾ ಸರಿ. ತಪ್ಪು ಕಣ್ಣಿಂದೋ, ಕ್ಯಾಮೆರಾದ್ದೋ?

ಎರಡೂ ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಎಂ9 ರೇಂಜ್‌ಫೈಂಡರ್ ಕ್ಯಾಮೆರಾ, ಲೆನ್ಸಿನ ಮೂಲಕ ನೋಡಿ ಫೋಕಸ್ ಮಾಡುವುದಿಲ್ಲ. 69.25 ಮಿ.ಮೀ. ಅಂತರದ ಎರಡು ಕಿಂಡಿಗಳಿಂದ ಬಂದ ಬಿಂಬಗಳನ್ನು ನಡುವಿನ ಚೌಕದಲ್ಲಿ ನೀವು ಕೂಡಿಸುತ್ತೀರಿ. ಬಿಂಬ ಸರಿಯುವುದು ಎಡಕ್ಕೆ ಬಲಕ್ಕೆ ಮಾತ್ರ. ಹೀಗಾಗಿ ನಿಂತ ಗೆರೆ ಎರಡಾಗಿ ಕಾಣುತ್ತದೆ, ಮಲಗಿದ ಗೆರೆ ಎಷ್ಟು ತಪ್ಪಿದರೂ ಒಂದರ ಮೇಲೊಂದು ಕೂತೇ ಇರುತ್ತದೆ. ಲಕ್ಕುಂಡಿಯ ಕಂಬಗಳು ತಿರುಗಣಿ ಹಿಡಿದಂತೆ ಬಳೆಬಳೆಯಾಗಿ ಕಡೆದವು. ಎದುರಿನ ಮುಖದಲ್ಲಿ ಇರುವುದೆಲ್ಲ ಮಲಗಿದ ಗೆರೆ, ನಿಂತ ಗೆರೆ ಎಂದರೆ ಕಂಬದ ಅಂಚೊಂದೇ. ಕಣ್ಣು ಗೊತ್ತಿಲ್ಲದೆ ಅದನ್ನೇ ಹಿಡಿದು ಕೂಡಿಸಿಬಿಡುತ್ತದೆ.

ಈಗ ಲೆಕ್ಕ ನೋಡಿ. ಕಂಬ ಎರಡು ಅಡಿ ದಪ್ಪವಿದ್ದು, ಎದುರಿನ ಮುಖ ನಿಮ್ಮಿಂದ ಎರಡು ಮೀಟರ್ ಇದ್ದರೆ, ಕಾಣುವ ಅಂಚು ಅದಕ್ಕಿಂತ ಸುಮಾರು 26 ಸೆಂ.ಮೀ. ಹಿಂದೆ ಇರುತ್ತದೆ. ಆ ದೂರದಲ್ಲಿ ಎಫ್ 1.4ಕ್ಕೆ ಹರಿತವಾಗಿ ಸಿಗುವ ಆಳ ಹಿಂದೆ ಮುಂದೆ ಸೇರಿ 13 ಸೆಂ.ಮೀ. ಆಸುಪಾಸು. ಎಫ್ 8ಕ್ಕೆ ಅದು ಮುಕ್ಕಾಲು ಮೀಟರ್ ಆಗುತ್ತದೆ, ಅದಕ್ಕೇ ಅಲ್ಲಿ ತಪ್ಪು ಮುಚ್ಚಿಹೋಗುತ್ತದೆ.

ಪರಿಹಾರ ಸುಲಭ: ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿ ಬಳೆಯ ಗೆರೆಯ ಮೇಲೆ ಫೋಕಸ್ ಕೂಡಿಸಿ, ಆಮೇಲೆ ಬೇಕಾದ ಹಾಗೆ ಹಿಡಿದು ಕ್ಲಿಕ್ ಮಾಡಿ. ಒಂದು ಎಚ್ಚರ: ಒಂದೇ ಅಂತರದ ಬಳೆಗಳು ಸಾಲಾಗಿದ್ದರೆ ಪಕ್ಕದ ಬಳೆಯ ಬಿಂಬ ಬಂದು ಕೂತು ಮೋಸ ಮಾಡಬಹುದು. ಚಕ್ಕೆ ಎದ್ದ ಜಾಗ, ಕಲೆ, ಬಿರುಕು ಇಂಥ ಒಂಟಿ ಗುರುತನ್ನೇ ಹುಡುಕಿ.

ಇಷ್ಟಾದರೂ ಹಳೆಯ ಕ್ಯಾಮೆರಾ, ಪರೀಕ್ಷಿಸಿಯೇ ಬಿಡಿ. ಮೊದಲು ದೂರದ್ದು. ಲೆನ್ಸನ್ನು ಅನಂತದ ಗುರುತಿಗೆ ತಾಗುವವರೆಗೆ ತಿರುಗಿಸಿ, ಎರಡು ಮೂರು ಕಿ.ಮೀ.ಗಿಂತ ಆಚೆಯ ಗಾಳಿಯಂತ್ರದ ಕಂಬ ನೋಡಿ. ಗದಗದ ಕಡೆ ಅದಕ್ಕೇನು ಬರವಿಲ್ಲ. ಕಂಬ ಒಂದೇ ಆಗಿ ಕಾಣಬೇಕು. ಆಮೇಲೆ ಹತ್ತಿರದ್ದು: ಟ್ರೈಪಾಡ್ ಮೇಲೆ ಒಂದು ಮೀಟರ್ ದೂರದಿಂದ, ಓರೆಯಾಗಿಟ್ಟ ಸ್ಕೇಲಿನ ನಡುಗೆರೆಗೆ ಫೋಕಸ್ ಮಾಡಿ ಎಫ್ 1.4ರಲ್ಲಿ ಐದು ಸಲ ತೆಗೆಯಿರಿ. ಪ್ರತಿ ಸಲವೂ ರಿಂಗನ್ನು ಅನಂತದಿಂದ ಹೊಸದಾಗಿ ತಿರುಗಿಸಿಕೊಂಡು ಬನ್ನಿ. ಎಂ9ರ ಹಿಂಬದಿ ಪರದೆಯನ್ನು ನಂಬಬೇಡಿ, ಕಂಪ್ಯೂಟರಿನಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಿ. ಐದೂ ಒಂದೇ ಕಡೆ ತಪ್ಪಿದ್ದರೆ ಇನ್ನೊಂದು ಲೆನ್ಸ್ ಹಾಕಿ ಮತ್ತೆ ತೆಗೆಯಿರಿ. ಎರಡೂ ಹಾಗೆಯೇ ತಪ್ಪಿದರೆ ಬಾಡಿಯದು, ಒಂದೇ ತಪ್ಪಿದರೆ ಲೆನ್ಸಿನದು. ಒಮ್ಮೆ ಹಿಂದೆ ಒಮ್ಮೆ ಮುಂದೆ ಬಿದ್ದರೆ ಅದು ಕೈ, ಕಣ್ಣಿನದು. ಲೆನ್ಸ್ ಕಳಚಿದಾಗ ಕ್ಯಾಮೆರಾದ ಬಾಯೊಳಗೆ ಕಾಣುವ ರೋಲರ್‌ನ ಸ್ಕ್ರೂಗೆ ಮಾತ್ರ ನೀವೇ ಕೈ ಹಾಕಬೇಡಿ. ದೂರದ್ದು ಸರಿಮಾಡಲು ಹೋದರೆ ಹತ್ತಿರದ್ದು ಕೆಡುತ್ತದೆ.

ಬ್ಯಾಡಗಿಯ ಓದುಗರು: ಮೆಣಸಿನಕಾಯಿ ಮಾರ್ಕೆಟ್‌ನ ಫೋಟೋದಲ್ಲಿ ರಾಶಿ ಬರೀ ಕೆಂಪು ಬಣ್ಣ ಬಳಿದಂತೆ ಬರುತ್ತದೆ, ಆಕಾಶದಲ್ಲಿ ಚುಕ್ಕೆಗಳು. ನನ್ನದೂ ಎಂ9.

ಕೆಂಪು ಚಾನೆಲ್ ತುಂಬಿ ಹರಿದಿದೆ. ಮೀಟರ್ ಒಟ್ಟು ಬೆಳಕನ್ನಷ್ಟೇ ಅಳೆಯುತ್ತದೆ, ಕೆಂಪೊಂದೇ ಮಿತಿ ಮೀರಿದ್ದು ಅದಕ್ಕೆ ತಿಳಿಯುವುದಿಲ್ಲ. ಎಕ್ಸ್‌ಪೋಷರ್ ಮೂರನೇ ಎರಡು ಸ್ಟಾಪ್ ಇಳಿಸಿ, ಡಿಎನ್‌ಜಿ ಎಂಬ ಕಚ್ಚಾ ಫೈಲಿನಲ್ಲಿ ತೆಗೆಯಿರಿ. ಕಾಯಿಯ ಸುಕ್ಕು ಮರಳಿ ಕಾಣುತ್ತದೆ.

ಚುಕ್ಕೆಯ ವಿಷಯ ಹೆಚ್ಚು ಗಂಭೀರ. ಎಫ್ 16ಕ್ಕೆ ಇಟ್ಟು, ಫೋಕಸ್ ಕೆಡಿಸಿ, ಖಾಲಿ ಆಕಾಶ ತೆಗೆಯಿರಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನಿಂದ ಶಟರ್ ತೆರೆದು ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಕಿ. ಬಾಯಿಂದ ಊದಬೇಡಿ, ಎಂಜಲು ಸಿಡಿಯುತ್ತದೆ. ಮತ್ತೆ ಅದೇ ಫೋಟೋ. ಜಾಗ ಬದಲಿಸಿದ್ದು ಧೂಳು, ಕದಲದೆ ಕೂತದ್ದು ಜಿಡ್ಡು ಹತ್ತಿದ ಖಾರದ ಪುಡಿಯಾಗಿರಬಹುದು. ಸ್ವಾಬಿನಿಂದ ಒರೆಸಿದ ಮೇಲೂ ಉಳಿದು, ಸುತ್ತ ಮಸುಕು ಉಂಗುರ ಕಂಡರೆ ಸೆನ್ಸರಿನ ಮೇಲಿನ ಗಾಜೇ ಸವೆಯುತ್ತಿದೆ. ಎಂ9ರ ಸಿಸಿಡಿ ಸೆನ್ಸರಿಗೆ ಇದು ಹೆಸರಾಂತ ರೋಗ, ತಯಾರಕರಿಂದ ಬದಲಿ ಸೆನ್ಸರ್ ಈಗ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಣ ಕೊಡುವ ಮೊದಲೇ ಈ ಆಕಾಶದ ಫೋಟೋ ತೆಗೆದು ನೋಡಲೇಬೇಕು. ಮಾರ್ಕೆಟ್ ಒಳಗೆ ಲೆನ್ಸ್ ಬದಲಿಸಬೇಡಿ, 35 ಎಂಎಂ ಒಂದನ್ನೇ ಮನೆಯಿಂದ ಹಾಕಿಕೊಂಡು ಹೋಗಿ.

ಧಾರವಾಡದ ಓದುಗರು: ಎಂ8ನಲ್ಲಿ ವಕೀಲರ ಕಪ್ಪು ಕೋಟು ನೇರಳೆಯಾಗುತ್ತದೆ. ವೈಟ್ ಬ್ಯಾಲೆನ್ಸ್ ತಪ್ಪೇ?

ಅಲ್ಲ. 2006ರ ಎಂ8ನ ಸೆನ್ಸರ್ ಮುಂದಿನ ತಡೆಗಾಜು ತೀರ ತೆಳು, ಕೃತಕ ನೂಲಿನ ಕಪ್ಪು ಬಟ್ಟೆಯಿಂದ ಬರುವ, ಕಣ್ಣಿಗೆ ಕಾಣದ ಅವಗೆಂಪು ಬೆಳಕು ಒಳಗೆ ನುಸುಳುತ್ತದೆ. ಲೆನ್ಸಿಗೆ ಯುವಿ–ಐಆರ್ ಕಟ್ ಫಿಲ್ಟರ್ ಹಾಕಿ, ಪ್ರತಿ ಲೆನ್ಸಿಗೂ ಒಂದು ಬೇಕು. ವೈಡ್ ಲೆನ್ಸಿನಲ್ಲಿ ಮೂಲೆಗಳು ಹಸಿರು ಮಿಶ್ರಿತ ನೀಲಿಯಾದರೆ ಮೆನುವಿನಲ್ಲಿ ಲೆನ್ಸ್ ಗುರುತಿಸುವ ಆಯ್ಕೆಯನ್ನು ಯುವಿ–ಐಆರ್ ಸಹಿತ ಚಾಲೂ ಮಾಡಿ. ಅದಕ್ಕೆ ಲೆನ್ಸಿನ ಹಿಂಬದಿ ಉಂಗುರದಲ್ಲಿ ಆರು ಗುರುತಿನ ಕೋಡ್ ಇರಬೇಕು.