ಮೊಣಕಾಲು ಬಾವಿಗೆ ಲಕ್ಕಿ ಅರ್ಕ ಕುಡಿಸಬಹುದಾ?

ನಿಮ್ಮ ಅವ್ವನಿಗೆ ಮೊಣಕಾಲು ಬಾತಿದೆ, ವಿಜಯಪುರದ ಪೇಟೆಯಲ್ಲಿ ಯಾರೋ ಲಕ್ಕಿ ಅರ್ಕದ ಬಾಟಲಿ ಕೊಟ್ಟಿದ್ದಾರೆ, ದಿನಾ ಎರಡು ಚಮಚ ಕುಡಿಸಬಹುದಾ ಅಂತ ಕೇಳಿದ್ದೀರಿ. ಲಕ್ಕಿ ಗಿಡದ ತಪ್ಪಲಿನಿಂದ, ಅಂದರೆ ಎಲೆಯಿಂದ, ಕಾಸುವುದಕ್ಕೆ ಅಡ್ಡಿ ಇಲ್ಲ. ಆ ಬಾಟಲಿ ಮಾತ್ರ ಕುಡಿಸಬೇಡಿ.

ನಮ್ಮೂರು ಮುಧೋಳ ತಾಲೂಕಿನಲ್ಲಿ. ಹಳ್ಳದ ದಂಡೆ ತುಂಬ ಲಕ್ಕಿ. ಒಂದು ತೊಟ್ಟಿಗೆ ಐದು ಎಲೆ, ಕೆಲವಕ್ಕೆ ಮೂರು. ಮೇಲೆ ಹಸಿರು, ಅಡಿಯಲ್ಲಿ ಬೂದಿ ಬಳಿದ ಹಾಗೆ. ದನ, ಆಡು ಬಾಯಿ ಹಾಕುವುದು ಕಡಿಮೆ, ಅದಕ್ಕೇ ಬೇಲಿಗೂ ಹಚ್ಚುತ್ತಾರೆ. ಬಾಣಂತಿಗೆ ಎರೆಯುವ ನೀರಿಗೂ ಇದೇ ತಪ್ಪಲು. ನಮ್ಮ ಅವ್ವನಿಗೆ ಮೊಣಕಾಲು ಹಿಡಿದಾಗ ಆಯಿ ಹಂಚಿನ ಮೇಲೆ ಔಡಲೆಣ್ಣೆ ಬಿಟ್ಟು ತಪ್ಪಲು ಬಾಡಿಸಿ, ಹಳೇ ಧೋತರದ ತುಂಡಿನಲ್ಲಿ ಗಂಟು ಕಟ್ಟುತ್ತಿದ್ದಳು. ಮೊದಲು ತನ್ನ ಮುಂಗೈಗೆ ಮುಟ್ಟಿಸಿ ಬಿಸಿ ನೋಡುವಳು, ಆಮೇಲೆ ಕಾಸುವಳು. ಮನೆಯೆಲ್ಲ ಘಾಟು. ಅವ್ವ ಆ ರಾತ್ರಿ ಕಾಲು ಚಾಚಿ ಮಲಗುತ್ತಿದ್ದಳು. ಅದರಲ್ಲಿ ಬಿಸಿಯ ಪಾಲೂ ಇದೆ ಅನ್ನಿ.

ಎಲೆಯ ಗುಣವೇನೂ ಸುಳ್ಳಲ್ಲ. ಬಾವು ಇಳಿಸುವ ಶಕ್ತಿ ನೋಡಲು ಇಲಿಯ ಪಾದಕ್ಕೆ ಕ್ಯಾರಜೀನನ್ ಎಂಬ, ಕಡಲ ಪಾಚಿಯಿಂದ ತೆಗೆದ ವಸ್ತುವನ್ನು ಚುಚ್ಚುತ್ತಾರೆ. ಪಾದ ಬಾತುಕೊಳ್ಳುತ್ತದೆ. ಔಷಧ ಕುಡಿದ ಇಲಿಯ ಪಾದವನ್ನೂ ಕುಡಿಯದ ಇಲಿಯ ಪಾದವನ್ನೂ ಅಳೆಯುತ್ತಾರೆ. 2003ರಲ್ಲಿ ಶ್ರೀಲಂಕಾದ ಸಂಶೋಧಕರು ಲಕ್ಕಿ ಎಲೆಯ ನೀರಿನ ಸಾರ ಕುಡಿಸಿ ನೋಡಿದರು. ಬಾವೂ ಇಳಿಯಿತು, ನೋವೂ ಇಳಿಯಿತು. ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಮೈಯಲ್ಲಿ ಹುಟ್ಟಿದಾಗ ನೋವು, ಬಾವು ಜಾಸ್ತಿಯಾಗುತ್ತವೆ. ಲಕ್ಕಿ ಅದನ್ನು ತಡೆಯುತ್ತಿರಬೇಕು ಅಂತ ಅವರ ಲೆಕ್ಕ. ಐಬುಪ್ರೊಫೇನ್ ಎಂಬ ನೋವಿನ ಮಾತ್ರೆಯದ್ದೂ ಅದೇ ದಾರಿ.

ಆದರೆ ಇಲಿಯದು ಕೆಲವೇ ತಾಸಿನ ಬಾವು. ನಿಮ್ಮ ಅವ್ವನದು ವರ್ಷಗಟ್ಟಲೆ ಸವೆದ ಕೀಲಿರಬಹುದು, ಕೀಲಲ್ಲಿ ಯೂರಿಕ್ ಆ್ಯಸಿಡ್ ಹರಳುಗಟ್ಟಿರಬಹುದು. ಅರ್ಕ ಅಂದರೂ ಎಲ್ಲ ಒಂದೇ ಅಲ್ಲ. ನೀರಲ್ಲಿ ಕುದಿಸಿದರೆ ಒಂದು ಬಗೆಯ ಅಂಶ ಇಳಿಯುತ್ತದೆ, ಸ್ಪಿರಿಟ್‌ನಲ್ಲಿ ನೆನೆಸಿದರೆ ಇನ್ನೊಂದು. ಭಟ್ಟಿ ಇಳಿಸಿದರೆ ಆವಿಯಾಗುವ ಎಣ್ಣೆಯೇ ಜಾಸ್ತಿ. ಹೆಸರು, ಲೈಸೆನ್ಸ್ ನಂಬರು ಏನೂ ಇಲ್ಲದ ಬಾಟಲಿಯಲ್ಲಿ ಯಾವುದಿದೆ, ಎಷ್ಟಿದೆ ಅಂತ ಹೇಗೆ ನಂಬುತ್ತೀರಿ?

ನನಗೆ ಹೆದರಿಕೆ ಲಕ್ಕಿಯದ್ದಲ್ಲ, ಅದರ ಹೆಸರಲ್ಲಿ ಬೆರೆಸುವುದರದ್ದು. ನಮ್ಮ ಅವ್ವ ಒಮ್ಮೆ ಜಾತ್ರೆಯಿಂದ ಕೀಲುನೋವಿನ ಪುಡಿ ತಂದಿದ್ದಳು. ಎರಡೇ ದಿನಕ್ಕೆ ನೋವು ಮಾಯ. ಊರಿಗೆಲ್ಲ ಹೇಳಿಕೊಂಡು ಬಂದಳು, ನಾವೂ ಖುಷಿಪಟ್ಟೆವು. ಮೂರು ತಿಂಗಳಿಗೆ ಮುಖ ದುಂಡಗೆ ಉಬ್ಬಿತು, ಸಕ್ಕರೆ ಏರಿತು. ಡಾಕ್ಟರು ಮುಖ ನೋಡಿದವರೇ, "ಯವ್ವಾ, ಯಾವ ಪುಡಿ ತಗೋಳಾಕತ್ತೀ?" ಅಂದರು. ಸ್ಟೆರಾಯ್ಡ್ ಬೆರೆಸಿದ್ದರ ಲಕ್ಷಣ ಅದು. ತಿಂಗಳುಗಟ್ಟಲೆ ತಿಂದ ಮೇಲೆ ಒಮ್ಮೆಲೇ ಬಿಡುವ ಹಾಗೂ ಇಲ್ಲ. ಮೈ ತಾನೇ ಸ್ಟೆರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಬರಬಹುದು. ಡಾಕ್ಟರು ಮಾತ್ರೆ ಕೊಟ್ಟು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದರು. ಆ ದಿನಗಳು ಯಾರ ಮನೆಗೂ ಬೇಡ.

ಹಾಗಾಗಿ ನಿಮ್ಮ ಅವ್ವ ಆ ಅರ್ಕವನ್ನು ಈಗಾಗಲೇ ಬಹಳ ದಿನ ಕುಡಿದಿದ್ದರೆ, ಬಾಟಲಿ ಸಮೇತ ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಏನಿದ್ದರೂ ಹೇಳಿ. ಮೊಣಕಾಲು ಕೆಂಪಾಗಿ ಕಾದಿದ್ದರೆ, ಜೊತೆಗೆ ಜ್ವರ ಇದ್ದರೆ ಕಾಸಲೂ ಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅದೇನೂ ಇಲ್ಲ ಅಂದರೆ ಇವತ್ತು ಸಂಜೆಯೇ ತಪ್ಪಲು ಬಾಡಿಸಿ. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ ಸುಟ್ಟದ್ದೂ ಗೊತ್ತಾಗದೇ ಹೋಗಬಹುದು. ಗಂಟಿನ ಬಿಸಿಯನ್ನು ಮೊದಲು ನಿಮ್ಮ ಮುಂಗೈಗೆ ಮುಟ್ಟಿಸಿ ನೋಡಿ.